ಗುಂಡಿ ಒತ್ತಿದ್ರೂ ಕಾರು ಏಳಲ್ವಾ? ದೊಡ್ಡ ಬ್ಯಾಟರಿನ ಬೈಯೋ ಮೊದಲು ಚಿಕ್ಕದನ್ನ ನೋಡಿ

ನರಸಾಪುರದ ಕಂಪನಿ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಮಾಲೂರಲ್ಲಿ ಬೆಂಗಳೂರು ಟ್ರೈನ್ ಕಾಯ್ತಿರೋರು, ಮುಳಬಾಗಿಲಲ್ಲಿ ದೋಸೆಗೆ ಆರ್ಡರ್ ಕೊಟ್ಟು ಫೋನ್ ತೆಗೆದಿರೋರು, ಎಲ್ರಿಗೂ ಸ್ವಾಗತ. ಇವತ್ತಿನ ವಿಷಯ ಚಿಕ್ಕ ಎಲೆಕ್ಟ್ರಿಕ್ ಕಾರು. ರೇಂಜ್ ಎಷ್ಟು, ಸಬ್ಸಿಡಿ ಎಷ್ಟು ಅನ್ನೋದಲ್ಲ. ಬೆಳಗ್ಗೆ ಎದ್ದು ಗುಂಡಿ ಒತ್ತಿದ್ರೆ ಕಾರು ಕದಲಲ್ಲ ಅಂದಾಗ ಏನು ನೋಡ್ಬೇಕು, ಯಾವ ಕ್ರಮದಲ್ಲಿ ನೋಡ್ಬೇಕು, ಎಲ್ಲಿ ಕೈ ಹಾಕಲೇಬಾರದು. ಇಷ್ಟೇ.

ನಾನು ಓದಿರೋದು ಬಿ.ಕಾಂ. ಇಂಜಿನಿಯರ್ ಅಲ್ಲ. ಆದ್ರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು ಅನ್ನೋದನ್ನ ಮೂರು ವರ್ಷ ಕಲಿಸಿದ್ರು. ಕಾರಿಗೂ ಅದೇ ಕ್ರಮ ನಡೆಯುತ್ತೆ. ಮೊದಲು ಸಣ್ಣ ಲೆಕ್ಕ, ಆಮೇಲೆ ದೊಡ್ಡ ಲೆಕ್ಕ.

ಈ ಎಪಿಸೋಡ್ ಮಾಡೋಕೆ ಕಾರಣ ಒಂದು ವಾಯ್ಸ್ ಮೆಸೇಜು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದಿತ್ತು. "ಅಣ್ಣ, ಅಮ್ಮನ್ನ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕೋಲಾರಕ್ಕೆ ಕರ್ಕೊಂಡು ಹೋಗ್ಬೇಕು. ಬೆಳಗ್ಗೆ ಐದಕ್ಕೆ ಗಾಡಿ ಸ್ಟಾರ್ಟೇ ಆಗ್ಲಿಲ್ಲ. ಮೆಕ್ಯಾನಿಕ್ ಬಂದು ನೋಡಿ ಮೇನ್ ಬ್ಯಾಟರಿ ಹೋಗೈತೆ, ಲಕ್ಷಗಟ್ಟಲೆ ಆಯ್ತದೆ ಅಂತಾವ್ರೆ. ಏನ್ ಮಾಡ್ಲಣ್ಣ?" ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಕಾರು, ಐದು ವರ್ಷ ಹಳೇದು. ಡಯಾಲಿಸಿಸ್ ಅಂದ್ರೆ ಇವತ್ತು ಬೇಡ, ನಾಳಿದ್ದು ಹೋಗೋಣ ಅನ್ನೋ ಹಾಗಿಲ್ಲ. ಅವತ್ತು ಪಕ್ಕದ ಮನೆಯವರ ಗಾಡೀಲಿ ಹೋಗಿ ಬಂದಿದ್ರು. ಮನೇಲಿ ಆಗಲೇ ಅಮ್ಮನ ಬಳೆ ಅಡ ಇಡೋ ಮಾತು ಎದ್ದಿತ್ತು. ಅವರ ಕಥೆಗೆ ಆಮೇಲೆ ಬರ್ತೀನಿ. ಯಾವ ಕಂಪನಿ ಕಾರು, ಯಾವ ಗ್ಯಾರೇಜು ಅಂತ ಹೇಳಲ್ಲ. ಅದು ಇಲ್ಲಿ ಮುಖ್ಯವೂ ಅಲ್ಲ.

ಮೊದಲು ಒಂದು ವಿಷಯ ತಲೇಲಿ ಕೂರಿಸ್ಕೊಳ್ಳಿ. ಎಲೆಕ್ಟ್ರಿಕ್ ಕಾರಿನಲ್ಲಿ "ಸ್ಟಾರ್ಟ್ ಮಾಡೋದು" ಅನ್ನೋ ಕೆಲಸವೇ ಇಲ್ಲ. ಇಂಜಿನ್ ಇಲ್ಲ, ಅದನ್ನ ತಿರುಗಿಸೋ ಸ್ಟಾರ್ಟರ್ ಮೋಟರ್ ಇಲ್ಲ. ನಾವು ಗುಂಡಿ ಒತ್ತಿದಾಗ ನಡೆಯೋದು ಒಂದು ಹಾಜರಿ. ಕಂಪ್ಯೂಟರ್‌ಗಳು ಎದ್ದೇಳ್ತವೆ. ಬ್ರೇಕ್ ಒತ್ತಿದೀರಾ, ಕೀ ಒಳಗಿದೆಯಾ, ಚಾರ್ಜಿಂಗ್ ಗನ್ ತೆಗೆದಿದೀರಾ, ದೊಡ್ಡ ಬ್ಯಾಟರಿಯ ಸೆಲ್‌ಗಳು ಸರಿ ಇದಾವಾ, ಎಲ್ಲಾದ್ರೂ ಕರೆಂಟ್ ಬಾಡಿಗೆ ಸೋರ್ತಿದೆಯಾ, ಇಷ್ಟನ್ನೂ ಕೇಳ್ತವೆ. ಎಲ್ಲಕ್ಕೂ ಸರಿ ಅಂತ ಉತ್ತರ ಬಂದ್ರೆ ದೊಡ್ಡ ಬ್ಯಾಟರಿಯನ್ನ ಮೋಟರ್ ಕಡೆಗೆ ಜೋಡಿಸೋ ಸ್ವಿಚ್ಚು ಬೀಳುತ್ತೆ. ಆ ಸ್ವಿಚ್ಚಿಗೆ ಕಾಂಟ್ಯಾಕ್ಟರ್ ಅಂತಾರೆ. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿ ನೋಡಿರೋರಿಗೆ ಗೊತ್ತು, ಮೋಟರ್ ಆನ್ ಮಾಡಿದ್ರೆ "ಟಕ್" ಅಂತ ಒಳಗೆ ಎಳ್ಕೊಳ್ಳುತ್ತಲ್ಲ, ಅದೇ ಜಾತಿ. ಆ ಟಕ್ ಆದ್ಮೇಲೆ ಡ್ಯಾಶ್‌ಬೋರ್ಡಲ್ಲಿ ರೆಡಿ ಅಂತ ಬರುತ್ತೆ.

ಈ ಹಾಜರಿ ಕರೆಯೋಕೆ, ಕಂಪ್ಯೂಟರ್ ಎಬ್ಬಿಸೋಕೆ, ಕಾಂಟ್ಯಾಕ್ಟರ್ ಎಳೆಯೋಕೆ ಕರೆಂಟ್ ಬೇಕಲ್ಲ, ಅದು ಬರೋದು ಎಲ್ಲಿಂದ? ದೊಡ್ಡ ಬ್ಯಾಟರಿಯಿಂದ ಅಲ್ಲ. ಪೆಟ್ರೋಲ್ ಕಾರಲ್ಲಿ ಇರುತ್ತಲ್ಲ, ಅಂಥದ್ದೇ ಒಂದು ಸಾದಾ 12 ವೋಲ್ಟ್ ಬ್ಯಾಟರಿ ಇಲ್ಲೂ ಇರುತ್ತೆ, ಅದರಿಂದ. ಡೋರ್ ಲಾಕ್, ಲೈಟು, ಹಾರ್ನು, ಸ್ಕ್ರೀನು ಎಲ್ಲ ಅದರ ಮೇಲೇ. ಟಿಯಾಗೋ ಇವಿ ತಗೊಳ್ಳಿ, 19.2 ಅಥವಾ 24 ಯೂನಿಟ್ ಕರೆಂಟ್ ಹಿಡಿಯೋ ದೊಡ್ಡ ಬ್ಯಾಟರಿ. ಕಾಮೆಟ್‌ನಲ್ಲಿ 17.3. ಅಷ್ಟಿದ್ರೂ ಈ ಚಿಕ್ಕದು ಮಲಗಿದ್ರೆ ಕಾರು ಅಲುಗಾಡಲ್ಲ. ಬ್ಯಾಂಕಲ್ಲಿ ಎಫ್‌ಡಿ ಐದು ಲಕ್ಷ ಇದೆ, ಬಸ್ ಚಾರ್ಜಿಗೆ ಜೇಬಲ್ಲಿ ಇಪ್ಪತ್ತು ರೂಪಾಯಿ ಇಲ್ಲ. ಬ್ಯಾಂಕಿಗೆ ಹೋಗೋಕೂ ಬಸ್ಸೇ ಬೇಕು. ಅಂಥ ಸ್ಥಿತಿ.

ಹಾಗಾಗಿ ಕಾರು ಏಳಲಿಲ್ಲ ಅಂದ್ರೆ ಮೊದಲು ಕಣ್ಣು ಮತ್ತೆ ಕಿವಿ ಉಪಯೋಗಿಸಿ. ರಿಮೋಟ್‌ಗೆ ಡೋರ್ ತೆಗೀತಾ? ಒಳಗಿನ ಲೈಟ್ ಹತ್ತುತ್ತಾ, ಹತ್ತಿದ್ರೂ ಮಂಕಾಗಿದೆಯಾ? ಡ್ಯಾಶ್‌ಬೋರ್ಡ್ ಒಮ್ಮೆ ಬೆಳಗಿ ಆರಿಹೋಗುತ್ತಾ, ಇಲ್ಲ ದೀಪಾವಳಿ ಸೀರಿಯಲ್ ಸೆಟ್ ಥರ ಎಲ್ಲ ವಾರ್ನಿಂಗ್ ಲೈಟೂ ಒಟ್ಟಿಗೆ ಮಿಣುಕುತ್ತಾ? ಎಲ್ಲಿಂದಲೋ ಟಿಕ್ ಟಿಕ್ ಟಿಕ್ ಅಂತ ಬೇಗ ಬೇಗ ಸದ್ದು ಬರ್ತಿದೆಯಾ? ಇದರಲ್ಲಿ ಯಾವುದಾದ್ರೂ ಇದ್ರೆ ಮೊದಲ ಅನುಮಾನ ಚಿಕ್ಕ ಬ್ಯಾಟರಿ ಮೇಲೆ. ಒಂದೇ ಸಲಕ್ಕೆ ಹತ್ತು ಬೇರೆ ಬೇರೆ ಭಾಗ ಕೆಡೋದು ಅಪರೂಪ. ಎಲ್ಲಕ್ಕೂ ವೋಲ್ಟೇಜ್ ಸಾಲದೆ ಎಲ್ಲವೂ ಒಟ್ಟಿಗೆ ಕಂಪ್ಲೇಂಟ್ ಹೇಳೋದೇ ಮಾಮೂಲು.

ಡೋರೇ ತೆಗೀತಿಲ್ವಾ? ರಿಮೋಟ್ ಒಳಗೇ ಒಂದು ಚಿಕ್ಕ ಲೋಹದ ಕೀ ಅಡಗಿರುತ್ತೆ, ಎಳೆದು ತೆಗೀರಿ. ರಿಮೋಟ್‌ನ ನಾಣ್ಯದಂಥ ಸೆಲ್ ಹೋಗಿರಬಹುದು. ಅಂಥ ಹೊತ್ತಲ್ಲಿ ಎಷ್ಟೋ ಕಾರುಗಳಲ್ಲಿ ರಿಮೋಟನ್ನ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದ್ರೆ ಗುರುತಿಸುತ್ತೆ. ಈ ಎರಡು ವಿಷಯ ನಿಮ್ಮ ಕಾರಲ್ಲಿ ಹೇಗೆ ಅಂತ ಮ್ಯಾನುವಲ್‌ನಲ್ಲಿ ಇವತ್ತೇ ನೋಡ್ಕೊಳ್ಳಿ. ಕತ್ತಲಲ್ಲಿ ನಿಂತು ಪಿಡಿಎಫ್ ಡೌನ್‌ಲೋಡ್ ಮಾಡೋ ಕಷ್ಟ ಬೇಡ.

ಈಗ ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತೆ, ಎಲೆಕ್ಟ್ರಿಕ್ ಕೆಲಸ ಮಾಡೋರ ಹತ್ರ ಇದ್ದೇ ಇರುತ್ತೆ. ಕಾರು ಆಫ್ ಮಾಡಿ ಕೆಲವು ಗಂಟೆ ಬಿಟ್ಟು 12 ವೋಲ್ಟ್ ಬ್ಯಾಟರಿಯ ಎರಡು ತುದಿಗೆ ಹಿಡೀರಿ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿ ಆದ್ರೆ 12.6ರ ಸುತ್ತಮುತ್ತ ಬಂದ್ರೆ ತುಂಬಿದೆ. 12.4 ಅಂದ್ರೆ ಪರವಾಗಿಲ್ಲ. 12ಕ್ಕೆ ಇಳಿದಿದ್ರೆ ಹೆಚ್ಚುಕಡಿಮೆ ಖಾಲಿ. 11 ಚಿಲ್ಲರೆ ಅಂದ್ರೆ ಕೆಲಸ ಮುಗೀತು. 12.6ಕ್ಕೂ 11 ಚಿಲ್ಲರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟ್ ವ್ಯತ್ಯಾಸ ಅಲ್ವಾ ಅನ್ಸುತ್ತೆ. ಈ ಬ್ಯಾಟರಿ ಲೆಕ್ಕದಲ್ಲಿ ಅದು ಹೊಟ್ಟೆ ತುಂಬಿರೋದಕ್ಕೂ ಉಪವಾಸಕ್ಕೂ ಇರೋ ವ್ಯತ್ಯಾಸ.

ನಂಬರ್ ಬರೆದಿಟ್ಕೊಳ್ಳಿ. ಫೋಟೋ ತೆಗೀರಿ. ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ಪಲ್ಲ. ರೀಡಿಂಗ್ ಇಲ್ಲದೆ "ಮೇನ್ ಬ್ಯಾಟರಿ ಹೋಗಿದೆ" ಅನ್ನೋ ಮಾತನ್ನ ನಾವ್ಯಾಕೆ ಒಪ್ಬೇಕು?

ಆ ಹುಡುಗನಿಗೆ ಫೋನ್ ಮಾಡಿ ಇಷ್ಟೇ ಕೇಳಿದೆ. ಊರಲ್ಲಿ ಪಂಪ್‌ಸೆಟ್ ವೈರಿಂಗ್ ಮಾಡೋರ ಮೀಟರ್ ತಂದು ಹಿಡಿದ. "ಹತ್ತು ಪಾಯಿಂಟ್ ಒಂಬತ್ತು ತೋರಿಸ್ತೈತೆ ಅಣ್ಣ." ಟರ್ಮಿನಲ್ ಸಡಿಲ ಇಲ್ಲ, ಬಿಳಿ ಪುಡಿ ಇಲ್ಲ. ಕಾರಿನ ವಯಸ್ಸು ಐದು, ಆ ಬ್ಯಾಟರಿ ಬದಲಾಯಿಸಿದ ಬಿಲ್ ಒಂದೂ ಇಲ್ಲ. ಅಂದ್ರೆ ಅದೂ ಐದು ವರ್ಷದ್ದೇ. ಈ ಬ್ಯಾಟರಿಗಳ ಆಯಸ್ಸು ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ.

ಮುಂದಿನ ಹೆಜ್ಜೆ ಜಂಪ್ ಸ್ಟಾರ್ಟ್. ಇಲ್ಲಿ ಸ್ವಲ್ಪ ನಿಧಾನ. ಮ್ಯಾನುವಲ್ ಏನು ಹೇಳುತ್ತೋ ಅದೇ ಕೊನೆ ಮಾತು. ಸಾಮಾನ್ಯ ಪದ್ಧತಿ ಹೀಗಿದೆ: ಇನ್ನೊಂದು 12 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ನಿಮ್ಮ 12 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಕೆಂಪು ಕೇಬಲ್. ಅದರ ಮೈನಸ್‌ನಿಂದ ನಿಮ್ಮ ಕಾರಿನ ಬಣ್ಣ ಇಲ್ಲದ ಲೋಹದ ಭಾಗಕ್ಕೆ ಕಪ್ಪು ಕೇಬಲ್, ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ. ಪ್ಲಸ್ ಮೈನಸ್ ಉಲ್ಟಾ ಆದ್ರೆ ಫ್ಯೂಸ್ ಹೋಗೋದು ಕಮ್ಮಿ ನಷ್ಟ, ಕಂಪ್ಯೂಟರ್ ಸುಟ್ರೆ ದೊಡ್ಡ ನಷ್ಟ. ಕಾರು ಸಿಗದಿದ್ರೆ ಟ್ರ್ಯಾಕ್ಟರ್ ಬ್ಯಾಟರಿ ನಡೆಯುತ್ತೆ, ಸಾಮಾನ್ಯವಾಗಿ ಅದೂ 12 ವೋಲ್ಟೇ. ಆದ್ರೆ ಹೈವೇಲಿ ನಿಂತು ಟೊಮೆಟೊ ಲಾರಿಗೆ ಕೈ ಅಡ್ಡ ಹಾಕ್ಬೇಡಿ. ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಡ್ರೈವರಣ್ಣ ಒಳ್ಳೇ ಮನಸ್ಸಿಂದಲೇ ಕೇಬಲ್ ಕೊಡ್ತಾರೆ, ಬಿಲ್ ನಿಮಗೆ ಬರುತ್ತೆ. ಹಾಗೇ ನಿಮ್ಮ ಎಲೆಕ್ಟ್ರಿಕ್ ಕಾರಿಂದ ಇನ್ನೊಬ್ಬರ ಡೀಸೆಲ್ ಗಾಡಿನ ಎಬ್ಬಿಸೋಕೂ ಹೋಗ್ಬೇಡಿ. ಅವರ ಸ್ಟಾರ್ಟರ್ ಒಂದೇ ಏಟಿಗೆ ನೂರಾರು ಆಂಪಿಯರ್ ಎಳೆಯುತ್ತೆ, ನಿಮ್ಮ ಚಿಕ್ಕ ಬ್ಯಾಟರಿ ಅದಕ್ಕೆ ಹುಟ್ಟಿದ್ದಲ್ಲ.

ಶ್ರೀನಿವಾಸಪುರದ ಕಾರಿಗೆ ಪಕ್ಕದ ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸಿದ್ರು. ಬ್ರೇಕ್ ಒತ್ತಿ ಗುಂಡಿ ಒತ್ತಿದ. ಟಕ್. ರೆಡಿ ಬಂತು. "ಅಣ್ಣ, ಎಪ್ಪತ್ತೊಂದು ಪರ್ಸೆಂಟ್ ತೋರಿಸ್ತೈತೆ!" ಸತ್ತುಹೋಗಿದೆ ಅಂದಿದ್ದ ದೊಡ್ಡ ಬ್ಯಾಟರಿಯಲ್ಲಿ 71 ಪರ್ಸೆಂಟ್ ಚಾರ್ಜ್ ಆರಾಮಾಗಿ ಕೂತಿತ್ತು.

ಇಲ್ಲಿಗೆ ನಿಲ್ಲಿಸಿದ್ರೆ ಅರ್ಧ ಕೆಲಸ. ಚಿಕ್ಕ ಬ್ಯಾಟರಿ ಯಾಕೆ ಖಾಲಿಯಾಯ್ತು ಅಂತ ಗೊತ್ತಾಗ್ಬೇಕಲ್ಲ. ಪೆಟ್ರೋಲ್ ಕಾರಲ್ಲಿ ಅದನ್ನ ಆಲ್ಟರ್ನೇಟರ್ ತುಂಬಿಸುತ್ತೆ. ಇಲ್ಲಿ ಡಿಸಿ-ಡಿಸಿ ಕನ್ವರ್ಟರ್ ಅನ್ನೋ ಡಬ್ಬಿ ದೊಡ್ಡ ಬ್ಯಾಟರಿಯಿಂದ ತಗೊಂಡು ಚಿಕ್ಕದಕ್ಕೆ ಕೊಡುತ್ತೆ. ಎಫ್‌ಡಿ ಬಡ್ಡಿ ತಿಂಗಳಾ ತಿಂಗಳಾ ಜೇಬಿಗೆ ಬಂದ ಹಾಗೆ. ಅದು ಕೆಲಸ ಮಾಡ್ತಿದೆಯಾ ಅಂತ ನೋಡೋದು ಸುಲಭ. ಕೇಬಲ್ ತೆಗೆದು, ಕಾರು ರೆಡಿಯಲ್ಲಿರುವಾಗ ಅದೇ ಬ್ಯಾಟರಿಗೆ ಮೀಟರ್ ಹಿಡೀರಿ. 13.5ರಿಂದ 14.5ರ ಒಳಗೆ ಬಂದ್ರೆ ಡಬ್ಬಿ ದುಡೀತಿದೆ. 12ರ ಹತ್ರವೇ ನಿಂತಿದ್ರೆ ಆ ಡಬ್ಬಿನೋ, ಅದರ ಫ್ಯೂಸೋ, ವೈರೋ ನೋಡ್ಬೇಕು, ಅದು ಸರ್ವೀಸ್ ಸೆಂಟರ್ ಕೆಲಸ. ನಮ್ಮ ಹುಡುಗನ ಕಾರಲ್ಲಿ 13.9 ಬಂತು. ಡಬ್ಬಿ ಪಾಸ್.

ಉಳಿದಿದ್ದು ಎರಡೇ ಅನುಮಾನ. ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲಾಂದ್ರೆ ಕಾರು ನಿಂತಿದ್ದಾಗ ಯಾರೋ ಕದ್ದು ಕುಡೀತಿದ್ದಾರೆ. ಕಳ್ಳರು ಯಾರು ಗೊತ್ತಾ? ಆಕ್ಸೆಸರಿ ಅಂಗಡೀಲಿ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಸೀಟ್ ಕೆಳಗಿನ ಆಂಪ್ಲಿಫೈಯರ್. ಇನ್ನೊಬ್ಬ ಇದಾನೆ, ಯೂಟ್ಯೂಬ್ ನೋಡಿ ತಗೊಂಡು ಸಾಕೆಟ್‌ನಲ್ಲೇ ಮರೆತ ಬ್ಲೂಟೂತ್ ಒಬಿಡಿ ಡಾಂಗಲ್. ಕಾರಿನ ಆರೋಗ್ಯ ನೋಡೋಕೆ ಹಾಕಿದ್ದೇ ರಾತ್ರಿಯೆಲ್ಲ ಕಂಪ್ಯೂಟರ್‌ನ ಮಲಗೋಕೆ ಬಿಡಲ್ಲ. ಸರಿಯಾಗಿ ಮುಚ್ಚದ ಡಿಕ್ಕಿ ಬಾಗಿಲೂ ಸಾಕು. ಎರಡು ಮೂರು ವಾರ ಕಾರು ಮುಟ್ಟದೆ ಬಿಟ್ರೂ ಸಾಕು. ಕೆಲವು ಕಾರುಗಳು ನಿಂತಿದ್ದಾಗಲೂ ತಾವಾಗೇ ಎದ್ದು ಚಿಕ್ಕದಕ್ಕೆ ತುಂಬಿಸ್ತವೆ, ಕೆಲವು ತುಂಬಿಸಲ್ಲ.

ಎರಡನ್ನೂ ಬೇರೆ ಮಾಡೋಕೆ ಒಂದು ರಾತ್ರಿ ಬೇಕು. ಚಿಕ್ಕ ಬ್ಯಾಟರಿನ ಹೊರಗಿನ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ, ಅದರ ಮೈನಸ್ ಬಿಚ್ಚಿ, ರಾತ್ರಿ ಹಾಗೇ ಬಿಡಿ. ಬಿಚ್ಚೋಕೆ ನಿಮ್ಮ ಕಾರಲ್ಲಿ ಬೇರೆ ಕ್ರಮ ಇದ್ರೆ ಅದನ್ನ ಪಾಲಿಸಿ. ಬೆಳಗ್ಗೆ ನೋಡಿದಾಗ ವೋಲ್ಟೇಜ್ ಬಿದ್ದಿದ್ರೆ ಬ್ಯಾಟರಿಯದ್ದೇ ತಪ್ಪು, ಯಾಕಂದ್ರೆ ಕುಡಿಯೋಕೆ ಯಾರೂ ಇರಲಿಲ್ಲ. ಬೀಳದೆ ನಿಂತಿದ್ದು, ಜೋಡಿಸಿದ ಮೇಲೆ ಮತ್ತೆ ಬಿದ್ರೆ ಕಳ್ಳ ಕಾರೊಳಗಿದಾನೆ. ಇವನದ್ದು ಬಿಚ್ಚಿಟ್ಟಾಗಲೇ ಬೆಳಗ್ಗೆ 11.8ಕ್ಕೆ ಇಳಿದಿತ್ತು. ಕೆಲವು ಸಾವಿರ ರೂಪಾಯಿಯ ಹೊಸ 12 ವೋಲ್ಟ್ ಬ್ಯಾಟರಿ ಹಾಕಿಸಿದ. ಬಳೆ ಅಮ್ಮನ ಕೈಯಲ್ಲೇ ಇದೆ. ನಿನ್ನೆ ಮತ್ತೆ ವಿಚಾರಿಸಿದೆ, ಗಾಡಿ ಓಡ್ತಿದೆ, ಒಂದು ದಿನವೂ ಡಯಾಲಿಸಿಸ್ ತಪ್ಪಿಲ್ಲ.

ಎಲ್ಲರ ಕಥೆಯೂ ಹೀಗೇ ಇರಲ್ಲ. ಲೈಟೆಲ್ಲ ಚೆನ್ನಾಗಿ ಹತ್ತುತ್ತೆ, ವೋಲ್ಟೇಜೂ ಸರಿ ಇದೆ, ಆದ್ರೆ ರೆಡಿ ಬರಲ್ಲ. ಆಗ ಬ್ರೇಕ್ ನೋಡಿ. ಬ್ರೇಕ್ ಪೆಡಲ್ ಹತ್ರ ಒಂದು ಪುಟ್ಟ ಸ್ವಿಚ್ ಇರುತ್ತೆ, ಅದು ಕೆಟ್ರೆ ನೀವು ಎಷ್ಟು ತುಳಿದ್ರೂ ಕಾರಿಗೆ ಗೊತ್ತಾಗಲ್ಲ. ಪರೀಕ್ಷೆ ಸುಲಭ: ಹಿಂದೆ ಗೋಡೆ ಇದ್ರೆ ಬ್ರೇಕ್ ತುಳಿದಾಗ ಕೆಂಪು ಬೆಳಕು ಬೀಳುತ್ತಾ ನೋಡಿ. ಬೀಳದಿದ್ರೆ ಆ ಸ್ವಿಚ್ ಅಥವಾ ಫ್ಯೂಸ್. ಗೇರ್ ಎಲ್ಲಿದೆ ನೋಡಿ. ಚಾರ್ಜಿಂಗ್ ಗನ್ ಸಿಕ್ಕಿಕೊಂಡೇ ಇದ್ರೆ ಕಾರು ಬೇಕಂತಲೇ ಹೊರಡಲ್ಲ. ಇಲ್ಲಾಂದ್ರೆ ನಿಮ್ಮ ಮನೆ ಸಾಕೆಟ್ಟನ್ನೂ ಎಳ್ಕೊಂಡು ಹೋಗ್ಬಿಡುತ್ತೆ.

ಟಕ್ ಅಂತ ಸದ್ದು ಬಂದು, ಕೂಡಲೇ ಮತ್ತೆ ಟಕ್ ಅಂತ ಬಿಟ್ಟುಬಿಟ್ರೆ, ಕೆಂಪು ವಾರ್ನಿಂಗ್ ಬಂದ್ರೆ, ಮಳೆ ನೀರಲ್ಲಿ ಹೋದ್ಮೇಲೆ ಅಥವಾ ಜೋರಾಗಿ ನೀರು ಹೊಡೆದು ತೊಳೆದ್ಮೇಲೆ ಇನ್ಸುಲೇಷನ್ ಅಂತ ಏನಾದ್ರೂ ಬರೆದು ಬಂದ್ರೆ, ಅಲ್ಲಿಗೆ ನಮ್ಮ ಕೆಲಸ ಮುಗೀತು. ಬಾನೆಟ್ ಮುಚ್ಚಿ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ. ಕಿತ್ತಳೆ ಬಣ್ಣದ ದಪ್ಪ ವೈರು ಕಂಡ್ರಲ್ಲ, ಅದನ್ನ ಮುಟ್ಟೋದು ಬೇಡ. ಟಿಯಾಗೋದಂಥ ಕಾರುಗಳಲ್ಲಿ ಅದರೊಳಗೆ ಮುನ್ನೂರು ವೋಲ್ಟಿನ ಆಸುಪಾಸು ಡಿಸಿ. ಕಾರು ಆಫ್ ಮಾಡಿದ್ಮೇಲೂ, ಚಿಕ್ಕ ಬ್ಯಾಟರಿ ಬಿಚ್ಚಿದ್ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. "ನಮ್ಮ ಮಾವ ಮೂರು ಫೇಸಲ್ಲೇ ಕೈ ಆಡಿಸ್ತಾರೆ" ಅನ್ನೋ ಧೈರ್ಯ ಇಲ್ಲಿ ತೋರಿಸ್ಬೇಡಿ. ಆ ವೈರನ್ನ ಇಲಿ ಕಚ್ಚಿರೋ ಗುರುತು ಕಂಡ್ರೂ ಅಷ್ಟೇ, ಫೋಟೋ ತೆಗೆದು ಹಿಂದೆ ಸರೀರಿ. ರಾಗಿ ಮೂಟೆ, ಮೇವು ಇರೋ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸೋರು ಇದನ್ನ ತಮಾಷೆ ಅಂದ್ಕೋಬೇಡಿ.

ಮತ್ತೆ, ದಯವಿಟ್ಟು ತಳ್ಳಬೇಡಿ. ನಮ್ಮೂರಲ್ಲಿ ಗಾಡಿ ನಿಂತ್ರೆ ಎಲ್ಲಿಂದಲೋ ನಾಲ್ಕು ಜನ ಬಂದು "ಸೆಕೆಂಡ್ ಗೇರ್ ಹಾಕಪ್ಪ" ಅಂತಾರೆ. ಇದಕ್ಕೆ ಸೆಕೆಂಡ್ ಗೇರೂ ಇಲ್ಲ, ತಳ್ಳಿ ಎಬ್ಬಿಸೋಕೆ ಇಂಜಿನ್ನೂ ಇಲ್ಲ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸೋದು ಇನ್ನೂ ಕೆಟ್ಟದ್ದು. ಚಕ್ರ ತಿರುಗಿದ್ರೆ ಮೋಟರೂ ತಿರುಗುತ್ತೆ, ಮೋಟರ್ ತಿರುಗಿದ್ರೆ ಕರೆಂಟ್ ಹುಟ್ಟುತ್ತೆ, ಅದು ಹೋಗಬಾರದ ಕಡೆ ಹೋಗುತ್ತೆ. ನಾಲ್ಕೂ ಚಕ್ರ ಮೇಲೆತ್ತೋ ಫ್ಲ್ಯಾಟ್‌ಬೆಡ್ಡೇ ಬೇಕು.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ವಿಷಯ. ರಾತ್ರಿ ಚಾರ್ಜ್‌ಗೆ ಹಾಕಿರ್ತೀರಿ, ಬೆಳಗ್ಗೆ ನೋಡಿದ್ರೆ ಚಾರ್ಜ್ ಆಗೇ ಇಲ್ಲ, ಕಾರು ಹೊರಡಲ್ಲ. ಇದು ಕಾರಿನ ರೋಗ ಅಲ್ಲದೇ ಇರಬಹುದು. ತ್ರೀ ಫೇಸ್ ಕೊಟ್ಟ ಹೊತ್ತಲ್ಲಿ ಸುತ್ತಮುತ್ತಲ ಬೋರ್‌ವೆಲ್ ಪಂಪುಗಳೆಲ್ಲ ಒಟ್ಟಿಗೆ ಎದ್ದಾಗ ಹಳ್ಳಿ ಲೈನಲ್ಲಿ ವೋಲ್ಟೇಜ್ ಕುಸಿಯುತ್ತೆ, ಚಾರ್ಜರ್ ಸುಮ್ಮನೆ ನಿಂತುಬಿಡುತ್ತೆ. ಅರ್ಥಿಂಗ್ ಸರಿ ಇಲ್ಲದಿದ್ರೂ ನಿಲ್ಲುತ್ತೆ. ಬೇಸಿಗೆಯಲ್ಲಿ ನಮ್ಮ ಭೂಮಿ ಹೇಗೆ ಒಣಗುತ್ತೆ ಅಂತ ಗೊತ್ತಲ್ಲ, ಅರ್ಥಿಂಗ್ ಗುಂಡಿಯೂ ಹಾಗೇ ಒಣಗುತ್ತೆ. ಅದಕ್ಕೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಹತ್ರ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜ್ ನೋಡಿಸಿ, ಕೆಲವೇ ವೋಲ್ಟ್ ಒಳಗಿರ್ಬೇಕು. ಚಾರ್ಜ್ ಆಗುವಾಗ 15 ಆಂಪಿಯರ್ ಸಾಕೆಟ್ಟಿನ ಮುಖ ಮುಟ್ಟೋಕಾಗದಷ್ಟು ಬಿಸಿ ಆದ್ರೆ ಅವತ್ತೇ ಬದಲಾಯಿಸಿ.

ಈಗ ಸ್ವಲ್ಪ ಹಿಂದಕ್ಕೆ. ಚಿಕ್ಕ ಎಲೆಕ್ಟ್ರಿಕ್ ಕಾರು ಅನ್ನೋದು ನಮಗೆ ನಿನ್ನೆ ಮೊನ್ನೆಯದಲ್ಲ. ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಲ್ಲಿ 2001ರಲ್ಲೇ ರೇವಾ ಬಂತು. ಚೇತನ್ ಮೈನಿ ಅವರ ಕಂಪನಿ, ಬೊಮ್ಮಸಂದ್ರದಲ್ಲಿ ತಯಾರಿ. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತು. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನ ತಗೊಂಡ್ರು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಅದೂ ಈಗ ನಿಂತುಹೋಗಿದೆ. ಹಳೇ ರೇವಾ ಎಲ್ಲಾದ್ರೂ ಕಡಿಮೆ ರೇಟಿಗೆ ಸಿಕ್ರೆ ತಗೋಬಹುದಾ ಅಂತ ಮಾಲೂರಿನ ಇಬ್ರು ಕೇಳಿದ್ರು, ಅದಕ್ಕೇ ಹೇಳ್ತಿದ್ದೀನಿ.

ಮೊದಲ ರೇವಾದ ಲೆಕ್ಕ ಬೇರೆ. ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಂದಕ್ಕೊಂದು ಸಾಲಾಗಿ ಜೋಡಿಸಿ 48 ವೋಲ್ಟ್. ಎಂಟು ಜನ ಕೈ ಕೈ ಹಿಡ್ಕೊಂಡು ನಿಂತಿದ್ದಾರೆ ಅಂದ್ಕೊಳ್ಳಿ, ಒಬ್ಬ ಕುಸಿದ್ರೆ ಸಾಲೇ ನಿಲ್ಲುತ್ತೆ. ಒಟ್ಟು ವೋಲ್ಟೇಜ್ ಒಂದನ್ನೇ ನೋಡಿದ್ರೆ ಮೋಸ ಹೋಗ್ತೀರಿ. ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಸ್ಬೇಕು. ತುಂಬಿದ್ದು 6.3ರ ಆಸುಪಾಸು ತೋರಿಸುತ್ತೆ. ಏಳು ಬ್ಯಾಟರಿ 6.3 ತೋರಿಸಿ ಒಂದು ಮಾತ್ರ ನಾಲ್ಕು ಚಿಲ್ಲರೆ ತೋರಿಸಿದ್ರೆ ಅದರೊಳಗಿನ ಮೂರು ಸೆಲ್ಲಲ್ಲಿ ಒಂದು ಸತ್ತಿದೆ. ಕೆಲವು ಸಲ ನಿಂತಾಗ ಎಲ್ಲವೂ ಸರಿ, ಕಾರು ಎಳೆಯೋಕೆ ಶುರು ಮಾಡಿದಾಗ ಮಾತ್ರ ಒಂದು ಬೀಳುತ್ತೆ, ಅದಕ್ಕೇ ಲೋಡ್ ಹಾಕಿ ನೋಡೋದು ಮುಖ್ಯ. ಡಿಸ್ಟಿಲ್ಡ್ ವಾಟರ್ ಹಾಕದೆ ಬಿಟ್ಟಿದ್ದು, ಖಾಲಿ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿದ್ದು, ಇವೆರಡೂ ಈ ಬ್ಯಾಟರಿಗಳನ್ನ ಕೊಲ್ಲುತ್ತೆ. 48 ವೋಲ್ಟ್ ತಾನೇ ಅಂತ ಸಲೀಸಾಗಿ ತಗೋಬೇಡಿ. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ರೆ ಕಬ್ಬಿಣ ಕರಗೋ ಅಷ್ಟು ಕರೆಂಟ್ ಹರಿಯುತ್ತೆ, ಒಳಗೆ ಆಸಿಡ್ ಇದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ದಿನಾ ಓಡಾಟಕ್ಕೆ ಬೇಡ. ಮನೇಲಿ ಇಟ್ಕೊಂಡು ರಿಪೇರಿ ಮಾಡೋ ಹುಚ್ಚು ಇರೋರು ತಗೊಳ್ಳಿ.

ಕೊನೆಯದಾಗಿ ಗ್ಯಾರೇಜಲ್ಲಿ ಹೇಗೆ ಮಾತಾಡ್ಬೇಕು. "ಸ್ಟಾರ್ಟ್ ಆಗ್ತಿಲ್ಲ ಸಾರ್" ಅಂತ ಹೇಳಿದ್ರೆ ಸಾಲದು. "ಬೆಳಗ್ಗೆ ಐದಕ್ಕೆ ಹತ್ತು ಪಾಯಿಂಟ್ ಒಂಬತ್ತು ಇತ್ತು, ಜಂಪ್ ಮಾಡಿದ್ಮೇಲೆ ರೆಡಿ ಬಂತು, ಆಗ ಹದಿಮೂರು ಪಾಯಿಂಟ್ ಒಂಬತ್ತು, ಇದು ಡ್ಯಾಶ್‌ಬೋರ್ಡ್ ಫೋಟೋ" ಅಂತ ಹೇಳಿ ನೋಡಿ, ಎದುರಿಗಿರೋರ ಧ್ವನಿಯೇ ಬದಲಾಗುತ್ತೆ. ಮೇನ್ ಬ್ಯಾಟರಿ ಹೋಗಿದೆ ಅಂದ್ರೆ ಬ್ಯಾಟರಿ ಆರೋಗ್ಯದ ರಿಪೋರ್ಟು, ಫಾಲ್ಟ್ ಕೋಡು, ಎರಡನ್ನೂ ಜಾಬ್ ಕಾರ್ಡ್ ಮೇಲೆ ಬರೆಸಿ. ವಾರಂಟಿ ಪುಸ್ತಕ ತೆಗೆದು ನೋಡಿ. ದೊಡ್ಡ ಬ್ಯಾಟರಿಗೆ ಎಷ್ಟೋ ಕಾರುಗಳಲ್ಲಿ 8 ವರ್ಷದ ವಾರಂಟಿ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡೋರು ಅದು ನಿಮ್ಮ ಹೆಸರಿಗೆ ಮುಂದುವರಿಯುತ್ತಾ, ಯಾವ ಷರತ್ತಿನ ಮೇಲೆ ಅಂತ ಕಂಪನಿಯಿಂದಲೇ ಬರವಣಿಗೆಯಲ್ಲಿ ಕೇಳಿ. ಚಿಕ್ಕ ಬ್ಯಾಟರಿಯ ವಾರಂಟಿ ಬೇರೆ, ಅವಧಿಯೂ ಕಡಿಮೆ.

ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿನ ಲೋನು ಮತ್ತೆ ಇನ್ಶೂರೆನ್ಸ್ ಲೆಕ್ಕ. ಅದು ನಾನು ಓದಿರೋ ಸಬ್ಜೆಕ್ಟು, ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ. ನಿಮ್ಮ ಕಾರು ಏಳ್ತಿಲ್ಲ ಅಂದ್ರೆ ವಾಯ್ಸ್ ಮೆಸೇಜ್ ಕಳಿಸಿ. ಕಾರಿನ ವಯಸ್ಸು, ಮೀಟರ್ ರೀಡಿಂಗು, ಡ್ಯಾಶ್‌ಬೋರ್ಡ್ ಫೋಟೋ ಮೂರೂ ಜೊತೆಗಿರಲಿ.